ಅಕ್ಷರದ ಆಣೆ

ಇಂಗ್ಲಿಷಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ‘ಲಿಟರಲಿ’ ಎಂಬ ಕ್ರಿಯಾವಿಶೇಷಣದ ಮೇಲೆ ಆ ಭಾಷೆಯ ವಿದ್ವಾಂಸರಿಗೆ ನೂರು ವರ್ಷಕ್ಕೂ ಮೀರಿದ ಸಿಟ್ಟಿದೆ. ಬಹುಕಾಲ ಒಳಗೇ ಹೊಗೆಯಾಡುತ್ತಿದ್ದ ಈ ಸಿಟ್ಟು 2013ರ ಆಗಸ್ಟಿನಲ್ಲಿ ದೊಡ್ಡದಾಗಿ ಹೊತ್ತಿಕೊಂಡಿತು. ಒಂದು ಮಾತನ್ನು ಅದರ ನೇರವಾದ ಅರ್ಥದಲ್ಲಿಯೇ ತೆಗೆದುಕೊಳ್ಳಬೇಕು ಎಂದು ಸೂಚಿಸುವುದಕ್ಕಾಗಿ ಹುಟ್ಟಿದ ಪದ ಇದು. ಇದೇ ಪದ ನೇರವಲ್ಲದ ಮಾತಿಗೆ ಒತ್ತು ಕೊಡುವುದಕ್ಕೂ ಬಳಕೆಯಾಗುತ್ತಿದೆ ಎಂಬುದನ್ನು ಆಕ್ಸ್‌ಫರ್ಡ್ ನಿಘಂಟಿನವರು 2011ರ ಪರಿಷ್ಕರಣದಲ್ಲಿ ಬರೆದುಕೊಂಡಿದ್ದರು. ಎರಡು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ. ಬಿದ್ದ ಮೇಲೆ, ನಿಘಂಟುಕಾರರೇ ಕಳ್ಳನಿಗೆ ಕೀಲಿಕೈ ಕೊಟ್ಟರೆಂಬಂತೆ ಗುಲ್ಲೆದ್ದಿತು. ಒಂದು ಪದಕ್ಕೆ ಅದರ ವಿರುದ್ಧವಾದ ಅರ್ಥವನ್ನೂ ಕೊಟ್ಟ ಮೇಲೆ ಭಾಷೆಯಲ್ಲಿ ನಂಬುವುದೇನು, ಬಿಡುವುದೇನು ಎಂದು ಸಂಪಾದಕರಿಗೆ ಕಾಗದ ಬರೆಯುವ ಮಹನೀಯರೆಲ್ಲ ಕೇಳಿದರು.

‘ಹಸಿವಿನಿಂದ ಲಿಟರಲಿ ಸತ್ತೇ ಹೋದೆ’ ಎಂದವರು ಎದುರಿಗೆ ಕುಳಿತು ಎರಡನೆಯ ದೋಸೆಗೆ ಕೈಹಾಕಿರುವುದನ್ನು ಕಂಡಾಗ ನಮಗೂ ನಗು ಬರುವುದುಂಟು. ನಕ್ಕು ಬಿಟ್ಟರೆ ಯಾವ ಗೊಂದಲವೂ ಇಲ್ಲ. ಆದರೆ ಈ ಪದವನ್ನು ಹೀಗೆ ಬಳಸಿದವರ ಪಟ್ಟಿಯಲ್ಲಿ ಡಿಕನ್ಸ್ ಇದ್ದಾನೆ, ಮಾರ್ಕ್ ಟ್ವೇನ್ ಇದ್ದಾನೆ, ಜೇಮ್ಸ್ ಜಾಯ್ಸ್ ಇದ್ದಾನೆ. ಇವರು ಯಾರೂ ಇಂಗ್ಲಿಷ್ ಬಾರದವರಲ್ಲ. ಹಾಗಾದರೆ ಆ ಜಾಗದಲ್ಲಿ ಅವರಿಗೆ ಈ ಪದ ಏಕೆ ಬೇಕಾಯಿತು? ಗದರಿಸುವವರು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಎಲ್ಲವನ್ನೂ ಸಮರ್ಥಿಸಲು ಹೊರಟ ಭಾಷಾವಿಜ್ಞಾನಿಗಳೂ ‘ಬಳಕೆಯಲ್ಲಿದೆ, ಆದ್ದರಿಂದ ಸರಿ’ ಎಂದು ಹೇಳಿ ಮುಗಿಸಿಬಿಡುತ್ತಾರೆ. ವಿಮರ್ಶಕನ ಕೆಲಸ ಅಲ್ಲಿಂದ ಮುಂದಕ್ಕೆ ತೊಡಗುತ್ತದೆ.

ಪದದ ಮೂಲ ಲ್ಯಾಟಿನ್ನಿನ ‘ಲಿಟ್ಟರಾ’, ಎಂದರೆ ಅಕ್ಷರ. ಯೂರೋಪಿನ ಮಧ್ಯಯುಗದ ಪಂಡಿತರು ಬೈಬಲ್ಲಿನ ವಾಕ್ಯಗಳಿಗೆ ನಾಲ್ಕು ಬಗೆಯ ಅರ್ಥ ಹೇಳುತ್ತಿದ್ದರು. ಮೊದಲನೆಯದು ಅಕ್ಷರದ ಅರ್ಥ, ನಡೆದದ್ದು ಏನು ಎಂಬುದು. ಮಿಕ್ಕ ಮೂರು ಅದರ ಮೇಲೆ ಕಟ್ಟಿದ ಅಂತಸ್ತುಗಳು: ಸಾಂಕೇತಿಕಾರ್ಥ, ನೀತಿಯ ಅರ್ಥ, ಪರಲೋಕದ ಅರ್ಥ. ‘ಲಿಟರಲ್’ ಎಂಬುದು ಹೀಗೆ ಗುರುಮನೆಯಲ್ಲಿ ಬೆಳೆದ ಮಾತು. ಅದು ಬೀದಿಗಿಳಿದಾಗಲೂ ಮೊದಮೊದಲು ತನ್ನ ಶುಚಿಯನ್ನು ಬಿಟ್ಟಿರಲಿಲ್ಲ. 1687ರಲ್ಲಿ ಕವಿ ಡ್ರೈಡನ್ ತನ್ನ ‘ದಿ ಹೈಂಡ್ ಅಂಡ್ ದಿ ಪ್ಯಾಂಥರ್’ ಎಂಬ ದೀರ್ಘ ಕವನದಲ್ಲಿ, ರೋಮನ್ ಕ್ಯಾಥೊಲಿಕ್ ಚರ್ಚಿನ ಸಂಕೇತವಾದ ಹೆಣ್ಣುಜಿಂಕೆಯ ಬಾಯಲ್ಲಿ ಈ ಪದವನ್ನಿಟ್ಟ. ದಿನದ ರೊಟ್ಟಿಯನ್ನು ದಯಪಾಲಿಸು ಎಂಬುದು ಕ್ರೈಸ್ತರು ನಿತ್ಯ ಹೇಳುವ ಪ್ರಾರ್ಥನೆ. ಹೊಟ್ಟೆ ತುಂಬಿದವರೂ ಹೇಳುತ್ತಾರೆ. ಈ ಜಿಂಕೆಗೆ ಕಣಜವಿಲ್ಲ, ಉಗ್ರಾಣವಿಲ್ಲ. ತಾನು ದಿನದ ರೊಟ್ಟಿಯನ್ನು ಬೇಡುವುದು ‘ಲಿಟರಲಿ’ ಎನ್ನುತ್ತದೆ. ಬಾಯಿಪಾಠವಾಗಿ ಸವೆದುಹೋದ ಪ್ರಾರ್ಥನೆ ಈ ಒಂದು ಪದ ತಗಲಿದೊಡನೆ ಮತ್ತೆ ಹಸಿವಿನ ಕೂಗಾಗುತ್ತದೆ. ಇಲ್ಲಿ ಪದ ಹೇಳುವುದೆಲ್ಲ ನಿಜ. ಆದರೆ ಅದು ಮಾಡುವ ಕೆಲಸ ಬರಿಯ ನಿಜ ಹೇಳುವುದಲ್ಲ, ಮಲಗಿದ್ದ ಮಾತನ್ನು ಎಬ್ಬಿಸುವುದು. ಮುಂದೆ ನಡೆದದ್ದಕ್ಕೆಲ್ಲ ಬೀಜ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ.

ಶುಚಿ ಕೆಟ್ಟದ್ದಕ್ಕೆ ನಿಘಂಟುಕಾರರು ತೋರಿಸುವ ಹಳೆಯ ಸಾಕ್ಷ್ಯ 1769ರದು. ಫ್ರಾನ್ಸಿಸ್ ಬ್ರೂಕ್ ಎಂಬಾಕೆ ಕೆನಡಾದ ಕ್ವಿಬೆಕ್ಕಿನ ಹಿನ್ನೆಲೆಯಲ್ಲಿ ಬರೆದ ಪತ್ರರೂಪದ ಕಾದಂಬರಿ ‘ಎಮಿಲಿ ಮಾಂಟಗ್ಯೂ’ವಿನಲ್ಲಿ, ಆಗತಾನೆ ಬಂದಿಳಿದವನೊಬ್ಬನು ಸುಂದರಿಯರ ಗುಂಪಿನ ನಡುವೆ ಸೇರುವುದು ಲಿಟರಲಿ ನೈದಿಲೆಗಳ ನಡುವೆ ಮೇಯುವುದಕ್ಕೆ ಸಮ ಎಂಬ ಮಾತು ಬರುತ್ತದೆ. ಅದು ಬೈಬಲ್ಲಿನ ಪರಮಗೀತದ ಚಿತ್ರ. ಆ ಮನುಷ್ಯ ಹುಲ್ಲು ಮೇಯಲಿಲ್ಲ, ಅಲ್ಲಿ ಹೂವೂ ಇರಲಿಲ್ಲ ಎಂಬುದು ಓದುವ ಎಲ್ಲರಿಗೂ ಗೊತ್ತು. ಬರೆದವಳಿಗೂ ಗೊತ್ತಿತ್ತು. ಇದು ತುಂಟತನ. ಧರ್ಮಗ್ರಂಥದ ಅಕ್ಷರಾರ್ಥವನ್ನು ಹೇಳುವ ಪದವನ್ನೇ ಧರ್ಮಗ್ರಂಥದ ಶೃಂಗಾರಕ್ಕೆ ತಗುಲಿಸಿ ಕಣ್ಣು ಮಿಟುಕಿಸಿದ್ದಾಳೆ, ಅಷ್ಟೆ.

ಡಿಕನ್ಸ್ ತುಂಟನಲ್ಲ, ಕ್ರೂರಿ. ‘ನಿಕೊಲಸ್ ನಿಕಲ್‌ಬಿ’ಯಲ್ಲಿ (1839) ಸ್ಕ್ವಿಯರ್ಸ್ ಎಂಬ ಶಾಲೆಯ ಯಜಮಾನನಿದ್ದಾನೆ. ಹುಡುಗರನ್ನು ಅರೆಹೊಟ್ಟೆಯಲ್ಲಿಟ್ಟು ಹಣ ಮಾಡುವುದೇ ಅವನ ವಿದ್ಯಾದಾನ. ಓಡಿಹೋಗಿದ್ದ ಸ್ಮೈಕ್ ಎಂಬ ಬಡಪಾಯಿಯನ್ನು ಹಿಡಿದು ತಂದು ಬಂಡಿಯಲ್ಲಿ ಕಟ್ಟಿಹಾಕಿದ್ದಾರೆ. ಸ್ಕ್ವಿಯರ್ಸ್ ತುಸು ಹೊತ್ತು ಮಾತಿಲ್ಲದೆ ಅವನನ್ನು ನೋಡುತ್ತಾನೆ. ನೋಡಿ ಲಿಟರಲಿ ಕಣ್ಣಿಗೆ ಔತಣ ಮಾಡಿಸಿಕೊಂಡನೆನ್ನುತ್ತಾನೆ ಡಿಕನ್ಸ್. ಕಣ್ಣಿಗೆ ಹಬ್ಬ ಎಂಬುದು ಅವರಲ್ಲಿಯೂ ನಮ್ಮಲ್ಲಿಯೂ ಸವೆದ ನಾಣ್ಯ; ಮದುವೆಮನೆಯ ಅಲಂಕಾರವನ್ನು ಹೊಗಳುವಾಗ ನಾವು ಯೋಚಿಸದೆ ಚೆಲ್ಲುವ ಮಾತು. ಆದರೆ ಊಟವೇ ಇಲ್ಲದ ಶಾಲೆಯಲ್ಲಿ ಊಟವಿಲ್ಲದ ಹುಡುಗನೊಬ್ಬ ಯಜಮಾನನಿಗೆ ಊಟವಾಗುತ್ತಿದ್ದಾನೆ. ‘ಲಿಟರಲಿ’ ಎಂಬ ಪದ ಬಾರದಿದ್ದರೆ ನಾವು ಆ ಔತಣವನ್ನು ಕಾಣದೆ ದಾಟಿ ಹೋಗುತ್ತಿದ್ದೆವು. ನಿಜವಲ್ಲ ಎಂಬ ತಕರಾರು ಇಲ್ಲಿ ಎಷ್ಟು ಬಡವಾದದ್ದು, ನೋಡಿ.

ಮಾರ್ಕ್ ಟ್ವೇನನ ಟಾಮ್ ಸಾಯರ್ (1876) ಇನ್ನೊಂದು ಬಗೆ. ಬೇಲಿಗೆ ಸುಣ್ಣ ಬಳಿಯುವ ಶಿಕ್ಷೆಯನ್ನು ದೊಡ್ಡ ಭಾಗ್ಯವೆಂದು ತೋರಿಸಿ, ಊರ ಹುಡುಗರಿಂದ ಲಂಚ ಪಡೆದು ಅವರಿಂದಲೇ ಬಳಿಸಿದ ಕಥೆ ಎಲ್ಲರಿಗೂ ಗೊತ್ತು. ಮಧ್ಯಾಹ್ನದ ಹೊತ್ತಿಗೆ ಟಾಮ್ ಲಿಟರಲಿ ಸಂಪತ್ತಿನಲ್ಲಿ ಹೊರಳಾಡುತ್ತಿದ್ದ ಎಂದು ಹೇಳಿ, ಟ್ವೇನ್ ಆ ಸಂಪತ್ತನ್ನು ಒಂದೊಂದಾಗಿ ಎಣಿಸುತ್ತಾನೆ: ಹನ್ನೆರಡು ಗೋಲಿ, ಗೊದಮೊಟ್ಟೆ, ಒಕ್ಕಣ್ಣಿನ ಬೆಕ್ಕಿನ ಮರಿ, ಬಾಗಿಲಿನ ಹಿತ್ತಾಳೆ ಹಿಡಿ, ನಾಯಿಯಿಲ್ಲದ ನಾಯಿಪಟ್ಟಿ, ಸತ್ತ ಇಲಿ ಮತ್ತು ಅದನ್ನು ಬೀಸಿ ಆಡಲು ದಾರ. ಈ ಮಾತು ಸುಳ್ಳೆ? ದೊಡ್ಡವರ ಲೆಕ್ಕದಲ್ಲಿ ಸುಳ್ಳು. ಟಾಮನ ಲೆಕ್ಕದಲ್ಲಿ ಅಕ್ಷರ ಅಕ್ಷರವೂ ನಿಜ. ಎರಡು ಲೆಕ್ಕಗಳ ನಡುವಿನ ಬಿರುಕಿನಲ್ಲಿ ನಗು ಕುಳಿತಿದೆ.

‘ಲಿಟರಲಿ’ ಎಂಬುದಕ್ಕೆ ಈಗ ‘ಅಲಂಕಾರಿಕವಾಗಿ’ ಎಂಬ ಅರ್ಥ ಬಂದಿದೆಯೆಂದು ಗುಲ್ಲು ಮಾಡಿದವರು ಒಂದು ಪರೀಕ್ಷೆ ಮಾಡಿ ನೋಡಬಹುದಾಗಿತ್ತು. ಟ್ವೇನನ ವಾಕ್ಯದಲ್ಲಿ ಆ ಪದವನ್ನು ತೆಗೆದು ‘ಟಾಮ್ ಅಲಂಕಾರಿಕವಾಗಿ ಸಂಪತ್ತಿನಲ್ಲಿ ಹೊರಳಾಡುತ್ತಿದ್ದ’ ಎಂದು ಹಾಕಿ ನೋಡಲಿ. ಇಲಿಯ ಜೊತೆಗೆ ವಾಕ್ಯವೂ ಸಾಯುತ್ತದೆ. ಒಂದು ಪದ ಇನ್ನೊಂದರ ಅರ್ಥವನ್ನು ಪಡೆದಿದ್ದರೆ ಅದರ ಜಾಗದಲ್ಲಿ ಕೂರಲಾದರೂ ಬರಬೇಕು. ಇದು ಕೂರುವುದಿಲ್ಲ. ಆದ್ದರಿಂದ ವಿರುದ್ಧಾರ್ಥ ಬಂದಿದೆ ಎಂಬುದೇ ತಪ್ಪು. ಹಳೆಯ ಆಕ್ಸ್‌ಫರ್ಡ್ ನಿಘಂಟಿನ 1903ರ ಭಾಗದಲ್ಲಿಯೇ ಇದನ್ನು ಇದಕ್ಕಿಂತ ಸೂಕ್ಷ್ಮವಾಗಿ ಹೇಳಿದ್ದಾರೆ. ಈ ಬಳಕೆ ಅಯುಕ್ತವೆಂದು ಮೂಗು ಮುರಿದರೂ, ರೂಢಿಯಾದ ಒಂದು ಅಲಂಕಾರದ ಮಾತನ್ನು ಅದು ತಾಳಬಲ್ಲಷ್ಟು ಬಲವಾದ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂದು ಪದ ಸೂಚಿಸುತ್ತದೆ ಎಂಬುದು ಅಲ್ಲಿನ ವಿವರಣೆಯ ತಾತ್ಪರ್ಯ. ತಾಳಬಲ್ಲಷ್ಟು ಬಲ! ಅಯುಕ್ತವೆಂದು ಹೇಳುತ್ತಲೇ ಆ ನಿಘಂಟುಕಾರರು ಒಳ್ಳೆಯ ವಿಮರ್ಶೆ ಬರೆದರು.

ಗದರಿಸಿದವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಮೆರಿಕದ ಆ್ಯಂಬ್ರೋಸ್ ಬಿಯರ್ಸ್ 1909ರಲ್ಲಿ ತಪ್ಪುಪ್ರಯೋಗಗಳ ಒಂದು ಚಿಕ್ಕ ಕಪ್ಪುಪಟ್ಟಿ ಮಾಡಿ ಅದರಲ್ಲಿ ಇದನ್ನೂ ಸೇರಿಸಿದ. ಅದೇ ವರ್ಷ ಅದೇ ದೇಶದ ವೆಬ್‌ಸ್ಟರ್ ನಿಘಂಟು ಈ ಪದ ಅತಿಶಯೋಕ್ತಿಯಾಗಿ ಬಳಕೆಯಲ್ಲಿದೆಯೆಂದು ತಣ್ಣಗೆ ದಾಖಲಿಸಿತು. ಇಂಗ್ಲೆಂಡಿನಲ್ಲಿ ಫೌಲರ್ 1926ರ ತನ್ನ ಪ್ರಸಿದ್ಧ ಬಳಕೆಯ ಕೋಶದಲ್ಲಿ, ಯಾವ ಪದವನ್ನು ನಾವು ಅಲ್ಲಗಳೆಯಬೇಕೋ ಅದನ್ನೇ ತುರುಕುತ್ತೇವಲ್ಲ ಎಂದು ಹಲುಬಿದ. ಫೌಲರ್ ನನಗೆ ಪ್ರಿಯನಾದ ಲೇಖಕ. ಪತ್ರಿಕೆಗಳಿಂದ ಅವನು ಆರಿಸಿದ ಉದಾಹರಣೆಗಳ ಮಟ್ಟಿಗೆ ಅವನ ಮಾತು ಸರಿಯೇ. ಆದರೆ ಅವನು ಕೆಟ್ಟ ವಾಕ್ಯಗಳನ್ನು ಮಾತ್ರ ಆರಿಸಿದ.

ಇನ್ನೂ ಒಂದು ಮಾತಿದೆ. ಇಂಗ್ಲಿಷಿನ ‘ವೆರಿ’ ಎಂಬುದು ಲ್ಯಾಟಿನ್ನಿನ ‘ವೇರುಸ್’ನಿಂದ, ಎಂದರೆ ‘ಸತ್ಯ’ ಎಂಬುದರಿಂದ, ಫ್ರೆಂಚಿನ ಮೂಲಕ ಬಂದದ್ದು. ಇಂದು ‘ವೆರಿ ಗುಡ್’ ಎನ್ನುವವರು ಯಾರೂ ಸತ್ಯಪ್ರಮಾಣ ಮಾಡುತ್ತಿಲ್ಲ. ‘ರಿಯಲಿ’, ‘ಟ್ರೂಲಿ’ ಎಂಬುವೂ ಇದೇ ದಾರಿ ಹಿಡಿದವು. ನಿಜವನ್ನು ಸಾರುವ ಪದಗಳೆಲ್ಲ ಕ್ರಮೇಣ ಒತ್ತು ಕೊಡುವ ಪದಗಳಾಗುತ್ತವೆ, ಏಕೆಂದರೆ ಮನುಷ್ಯ ಆಣೆ ಇಡುವುದು ತನ್ನನ್ನು ನಂಬಲಾರರೆಂಬ ಅನುಮಾನ ಬಂದಾಗ. ನಾವೂ ಮೇಲಿನವರೇನಲ್ಲ. ‘ಬಹುಶಃ’ ಎಂಬುದಕ್ಕೆ ಸಂಸ್ಕೃತದಲ್ಲಿ ಹಲವು ಸಲ, ಹಲವು ಬಗೆಯಲ್ಲಿ ಎಂದು ಅರ್ಥ. ಕನ್ನಡಕ್ಕೆ ಬಂದು ಅದು ‘ಇರಬಹುದು’ ಎಂದಾಯಿತು. ‘ಪ್ರಾಯಶಃ’ ಎಂಬುದರ ಕಥೆಯೂ ಬಹುಮಟ್ಟಿಗೆ ಅದೇ. ಹಲವು ಸಲ ಆಗುವುದನ್ನು ಆಗಬಹುದೋ ಏನೋ ಎಂಬುದಕ್ಕೆ ಇಳಿಸಿದ ನಾವು, ಇಂಗ್ಲಿಷರ ಒಂದು ಪದ ಜಾರಿತೆಂದು ಕೈತಟ್ಟಬಾರದು.

ಈಗ ನಾನು ಈ ಬರಹಕ್ಕೆ ಕೂರಲು ಕಾರಣವಾದ ಪ್ರಯೋಗಕ್ಕೆ ಬರುತ್ತೇನೆ. ಅದು ಶಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ ಕಾದಂಬರಿಯ (1847) ಕೊನೆಯ ಅಧ್ಯಾಯದಲ್ಲಿದೆ. ಮನೆಗೆ ಬಿದ್ದ ಬೆಂಕಿಯಲ್ಲಿ ರಾಚೆಸ್ಟರ್ ಕಣ್ಣು ಕಳೆದುಕೊಂಡಿದ್ದಾನೆ. ಜೇನ್ ಅವನನ್ನು ಮದುವೆಯಾಗಿದ್ದಾಳೆ. ಮೊದಲ ಎರಡು ವರ್ಷ ಅವನಿಗೆ ಏನೂ ಕಾಣದು. ಹೊಲ, ಮರ, ಹೊಳೆ, ಮೋಡ ಎಲ್ಲವನ್ನೂ ಅವಳು ಮಾತಿನಲ್ಲಿ ಹೇಳುತ್ತಾಳೆ, ಪುಸ್ತಕಗಳನ್ನು ಓದಿ ಹೇಳುತ್ತಾಳೆ. ಇಂಗ್ಲಿಷಿನಲ್ಲಿ ಅತಿ ಪ್ರಿಯರಾದವರನ್ನು ‘ಕಣ್ಣಿನ ಸೇಬು’ ಎನ್ನುತ್ತಾರೆ. ಹಿಂದಿನವರು ಕಣ್ಣಪಾಪೆಯನ್ನು ಸೇಬಿನಂಥ ಗುಂಡೆಂದು ತಿಳಿದಿದ್ದುದರಿಂದ ಬಂದ ಮಾತು. ನಮ್ಮ ‘ಕಣ್ಮಣಿ’ ಅದಕ್ಕೆ ಸರಿಯಾದ ಜೋಡಿ. ರಾಚೆಸ್ಟರ್ ಅವಳನ್ನು ಹಾಗೆ ಕರೆಯುತ್ತಿದ್ದ, ಎಲ್ಲ ಗಂಡಂದಿರೂ ಕರೆಯುವ ಹಾಗೆ. ಜೇನ್ ಹೇಳುತ್ತಾಳೆ: ತಾನು ಲಿಟರಲಿ ಅವನಿಗೆ ಅದೇ ಆಗಿದ್ದೆ ಎಂದು.

ಇದು ನಿಜವೋ, ಅಲಂಕಾರವೋ? ಫೌಲರನ ತಕ್ಕಡಿಯಲ್ಲಿಟ್ಟರೆ ಇದೂ ತಪ್ಪೇ. ಹೆಂಡತಿ ಗಂಡನ ಕಣ್ಣೊಳಗಿನ ಪಾಪೆಯಾಗಲಾರಳು. ಆದರೆ ಅವನು ಜಗತ್ತನ್ನು ನೋಡಿದ್ದು ಅವಳಿಂದ. ಕಣ್ಣು ಮಾಡುವ ಕೆಲಸವನ್ನು ಅವಳು ಮಾಡಿದ್ದಾಳೆ. ಹೀಗೆ ಆ ಪದ ಎರಡು ಹಲಗೆಗಳ ಮೇಲೆ ಒಂದೊಂದು ಕಾಲಿಟ್ಟು ನಿಂತಿದೆ. ಮುದ್ದಿನ ಮಾತಾಗಿ ಹಳಸಿದ್ದ ಒಂದು ಬಿರುದು, ಕುರುಡನ ಮನೆಯಲ್ಲಿ ತನ್ನ ಹಳೆಯ ಅರ್ಥಕ್ಕೆ ಮರಳಿ, ಹೊಣೆಯಾಗಿ ಬಿಡುತ್ತದೆ. ಪ್ರೀತಿಯನ್ನು ಕುರಿತು ನೂರು ವಿಶೇಷಣ ಸುರಿದರೂ ಬಾರದ ತೂಕ ಒಂದು ಕ್ರಿಯಾವಿಶೇಷಣದಿಂದ ಬಂದಿತು. ಹಾಗೆಂದು ಬ್ರಾಂಟೆ ಅದನ್ನು ಎದ್ದು ಕಾಣುವಂತೆ ಮೆರೆಸಿಲ್ಲ. ವಾಕ್ಯದ ಮೊದಲಿಗೆ ಇಟ್ಟು, ಮುಂದಕ್ಕೆ ನಡೆದಿದ್ದಾಳೆ.

ನಮ್ಮ ಆಲಂಕಾರಿಕರ ಮಾತಿನಲ್ಲಿ ಇದನ್ನು ಹೇಳುವುದು ಇಂಗ್ಲಿಷಿಗಿಂತ ಸುಲಭ. ಮಮ್ಮಟನೇ ಮೊದಲಾದವರು ಲಕ್ಷಣೆಯನ್ನು, ಎಂದರೆ ನೇರವಾದ ಅರ್ಥ ಹೊಂದದೆ ಅದಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಹೋಗುವುದನ್ನು, ಎರಡಾಗಿ ವಿಂಗಡಿಸುತ್ತಾರೆ. ಒಂದು ರೂಢಿಯಿಂದ ಬಂದದ್ದು. ‘ಕುಶಲ’ ಎಂದರೆ ದರ್ಭೆ ಕೊಯ್ಯುವವನು. ಕೈ ಕೊಯ್ದುಕೊಳ್ಳದೆ ಕೊಯ್ಯಬೇಕಾದ್ದರಿಂದ ನಿಪುಣ ಎಂದಾಯಿತು. ಇಂದು ಕುಶಲಕರ್ಮಿ ಎಂದಾಗ ದರ್ಭೆ ಯಾರ ಕಣ್ಣಿಗೂ ಕಟ್ಟುವುದಿಲ್ಲ. ಇನ್ನೊಂದು ಪ್ರಯೋಜನಕ್ಕಾಗಿ ಮಾಡಿದ್ದು. ಗಂಗೆಯ ಮೇಲೆ ಹಳ್ಳಿ ಎಂದರೆ ದಡದ ಮೇಲಿನ ಹಳ್ಳಿಯೇ ನಿಜ, ಆದರೂ ಹಾಗೆ ಹೇಳಿದ್ದರಿಂದ ನದಿಯ ತಂಪೂ ಪಾವಿತ್ರ್ಯವೂ ಆ ಹಳ್ಳಿಗೆ ಬರುತ್ತವೆ. ಈ ಪರಿಭಾಷೆಯಲ್ಲಿ ಹೇಳುವುದಾದರೆ, ‘ಲಿಟರಲಿ’ ತನ್ನ ಒಳ್ಳೆಯ ಪ್ರಯೋಗಗಳಲ್ಲಿ ರೂಢಿಯಾಗಿ ಸತ್ತ ಲಕ್ಷಣೆಯನ್ನು ಮತ್ತೆ ಪ್ರಯೋಜನದ ಲಕ್ಷಣೆಯನ್ನಾಗಿ ಮಾಡುತ್ತದೆ. ದರ್ಭೆಯನ್ನು ಮತ್ತೆ ಕೈಗೆ ಕೊಟ್ಟು ಅದರ ಅಂಚನ್ನು ಮುಟ್ಟಿಸುತ್ತದೆ.

ದಂಡಿಯಂತೂ ಇನ್ನೂ ಹತ್ತಿರ ಬಂದಿದ್ದಾನೆ. ನಮ್ಮ ‘ಕವಿರಾಜಮಾರ್ಗ’ಕ್ಕೆ ಆಧಾರವಾದ ಅವನ ‘ಕಾವ್ಯಾದರ್ಶ’ದಲ್ಲಿ ಉತ್ಪ್ರೇಕ್ಷಾಲಂಕಾರವನ್ನು ಗುರುತಿಸುವ ಪದಗಳನ್ನು ಹೆಸರಿಸಿದ್ದಾನೆ. ಉತ್ಪ್ರೇಕ್ಷೆಯೆಂದರೆ ಇಲ್ಲದ್ದನ್ನು ಇದೆಯೆಂದು ಊಹಿಸುವುದು. ಆ ಪದಗಳಲ್ಲಿ ‘ಎಂದು ಬಗೆಯುತ್ತೇನೆ’, ‘ಎಂದು ಶಂಕಿಸುತ್ತೇನೆ’ ಎಂಬ ಸಂಕೋಚದ ಮಾತುಗಳಿರುವುದು ಸಹಜ. ಆದರೆ ಅವುಗಳ ಪಕ್ಕದಲ್ಲಿಯೇ ‘ಧ್ರುವಂ’, ‘ನೂನಂ’ ಎಂಬುವೂ ಇವೆ. ಎರಡಕ್ಕೂ ‘ನಿಶ್ಚಯವಾಗಿ’ ಎಂದೇ ಅರ್ಥ! ನಿಶ್ಚಯ ಎಂದು ಕವಿ ಹೇಳಿದೊಡನೆ, ಇದು ಕಲ್ಪನೆ ಎಂದು ರಸಿಕನು ತಿಳಿಯಬೇಕು. ಇಂಗ್ಲಿಷಿನಲ್ಲಿ ಇಷ್ಟೆಲ್ಲ ಕೂಗಾಟಕ್ಕೆ ಕಾರಣವಾದ ವಿಚಿತ್ರವನ್ನು ದಂಡಿ ಒಂದು ಶ್ಲೋಕದಲ್ಲಿ ಯಾವ ಗಾಬರಿಯೂ ಇಲ್ಲದೆ ಅಲಂಕಾರದ ಲಕ್ಷಣವಾಗಿ ಬರೆದಿಟ್ಟಿದ್ದಾನೆ. ನಿಶ್ಚಯದ ಪದ ಮೋಸ ಮಾಡುತ್ತಿಲ್ಲ. ನೀನೂ ಒಂದು ಕ್ಷಣ ನಂಬಿ ನೋಡು ಎಂದು ಕರೆಯುತ್ತಿದೆ.

ಇನ್ನು ಜಾಯ್ಸ್. ‘ಡಬ್ಲಿನರ್ಸ್’ (1914) ಸಂಕಲನದ ಕೊನೆಯ ಕಥೆ ‘ದಿ ಡೆಡ್’. ಮಾರ್ಕನ್ ಸೋದರಿಯರ ಮನೆಯಲ್ಲಿ ವಾರ್ಷಿಕ ನೃತ್ಯಕೂಟ. ಬಂದ ಗಂಡಸರ ಮೇಲಂಗಿಗಳನ್ನು ತೆಗೆದಿರಿಸುತ್ತ, ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಓಡುತ್ತ ಲಿಲಿ ಎಂಬ ಹುಡುಗಿ ಬಸವಳಿದಿದ್ದಾಳೆ. ಕಥೆಯ ಮೊದಲ ವಾಕ್ಯವೇ, ಓಡಿ ಓಡಿ ಅವಳ ಕಾಲುಗಳು ಲಿಟರಲಿ ಹೋಗಿಯೇಬಿಟ್ಟವು ಎಂಬ ಅರ್ಥದ್ದು. ಅಷ್ಟು ಎಚ್ಚರದ ಲೇಖಕ, ಅಷ್ಟು ಹೆಸರಾದ ಕಥೆ, ಮೊದಲ ವಾಕ್ಯದಲ್ಲೇ ಮೇಷ್ಟರು ಕೆಂಪುಶಾಯಿಯಲ್ಲಿ ಗೀಚುವಂಥ ಪದ! ವಿಮರ್ಶಕ ಹ್ಯೂ ಕೆನರ್ 1978ರಲ್ಲಿ ಪ್ರಕಟಿಸಿದ ‘ಜಾಯ್ಸಸ್ ವಾಯ್ಸಸ್’ ಎಂಬ ಪುಸ್ತಕದಲ್ಲಿ ಇದಕ್ಕೆ ಸರಿಯಾದ ಉತ್ತರ ಕೊಟ್ಟ. ಆ ಪದ ಜಾಯ್ಸನದಲ್ಲ, ಲಿಲಿಯದು. ನಿರೂಪಣೆ ಪ್ರಥಮ ಪುರುಷದಲ್ಲಿದ್ದರೂ, ಪಾತ್ರ ಹತ್ತಿರ ಬಂದಾಗ ವಾಕ್ಯ ಆ ಪಾತ್ರದ ನುಡಿಗಟ್ಟಿನ ಬಣ್ಣವನ್ನು ಬಳಿದುಕೊಳ್ಳುತ್ತದೆ. ಲಿಲಿ ತನ್ನ ಗೆಳತಿಗೆ ಹೇಳಿದ್ದರೆ ಹೀಗೆಯೇ ಹೇಳುತ್ತಿದ್ದಳು.

ಕೆನರ್ ಹೇಳಿದ್ದಕ್ಕೆ ನಾನೊಂದು ಸೇರಿಸುತ್ತೇನೆ. ಲಿಲಿ ಶಾಲೆ ಬಿಟ್ಟು ವರ್ಷದ ಮೇಲಾಗಿದೆಯಷ್ಟೆ. ಎರಡು ಪುಟ ದಾಟುವುದರೊಳಗೆ ಅವಳು ಗೇಬ್ರಿಯಲ್ ಕಾನ್ರಾಯ್ ಎಂಬ ಅತಿಥಿಯ ಮನೆತನದ ಹೆಸರನ್ನು ಎರಡರ ಬದಲು ಮೂರು ಅಕ್ಷರ ಮಾಡಿ ಉಚ್ಚರಿಸುತ್ತಾಳೆ. ಓದು ಬಲ್ಲ ಗೇಬ್ರಿಯಲ್ ಅದಕ್ಕೆ ಮುಗುಳ್ನಗುತ್ತಾನೆ. ಮೊದಲ ವಾಕ್ಯದ ‘ಲಿಟರಲಿ’ಗೆ ನಕ್ಕ ಓದುಗನೂ ಗೇಬ್ರಿಯಲ್ಲನ ಪಕ್ಕದಲ್ಲೇ ನಿಂತಂತಾಯಿತು. ಆ ನಗುವಿಗೆ ಅದೇ ಸಂಜೆ ಅವನು ತೆರಬೇಕಾದ ಬೆಲೆ ಏನೆಂಬುದನ್ನು ಕಥೆ ಓದಿದವರು ಬಲ್ಲರು; ಲಿಲಿಯೇ ಮೊದಲ ಕಂತನ್ನು ವಸೂಲು ಮಾಡುತ್ತಾಳೆ.

ಈ ವಾಕ್ಯವನ್ನು ಕನ್ನಡಕ್ಕೆ ತರುವುದು ಹೇಗೆ? ‘ಅಕ್ಷರಶಃ’ ಎಂದರೆ ಕೆಟ್ಟಿತು. ಆ ಪದವನ್ನು ಯಾವ ಮನೆಗೆಲಸದ ಹುಡುಗಿಯೂ ನುಡಿದದ್ದನ್ನು ನಾನು ಕೇಳಿಲ್ಲ. ಅದು ಸಂಸ್ಕೃತದಲ್ಲಿ ಅಕ್ಷರ ಅಕ್ಷರವಾಗಿ ಎಂಬ ಅರ್ಥದ ಹಳೆಯ ಪದವೇ ಹೌದು. ಆದರೆ ಇಂದಿನ ಕನ್ನಡದಲ್ಲಿ ಓಡಾಡುತ್ತಿರುವ ‘ಅಕ್ಷರಶಃ’ ಮೈಯಿಂದ ಸಂಸ್ಕೃತ, ಜೀವದಿಂದ ‘ಲಿಟರಲಿ’. ಮೈಸೂರಿನ ಕಡೆಯ ಲಿಲಿ ‘ದೇವ್ರಾಣೆಗೂ’ ಎನ್ನುತ್ತಾಳೆ. ಧಾರವಾಡದ ಕಡೆಯವಳು ‘ಖರೇನ’ ಎನ್ನುತ್ತಾಳೆ. ನಮ್ಮ ಆಡುಮಾತು ನಿಜಕ್ಕೆ ಸಾಕ್ಷಿಯಾಗಿ ಅಕ್ಷರವನ್ನು ಕರೆಯಲಿಲ್ಲ, ದೇವರನ್ನು ಕರೆಯಿತು. ಇಲ್ಲವೇ ಕಣ್ಣನ್ನು ಕರೆಯಿತು. ‘ಸಾಕ್ಷಾತ್’ ಎಂಬುದನ್ನು ನೋಡಿ. ಕಣ್ಣೆದುರಿಗೆ ಎಂದು ಅದರ ಅರ್ಥ. ‘ಸಾಕ್ಷಾತ್ ಮಹಾಲಕ್ಷ್ಮಿಯೇ ಮನೆಗೆ ಬಂದಳು’ ಎಂದು ಸೊಸೆಯನ್ನು ಹೊಗಳುವ ಅತ್ತೆ, ಕಣ್ಣಾರೆ ಲಕ್ಷ್ಮಿಯನ್ನು ಕಂಡವಳಲ್ಲ. ‘ಲಿಟರಲಿ’ ಮಾಡುವ ಕೆಲಸವನ್ನು ಅದರ ಹೆಸರನ್ನೂ ಕೇಳದ ನಮ್ಮ ಅಜ್ಜಿಯರು ಈ ಪದದಿಂದ ಮಾಡಿಕೊಂಡು ಬಂದಿದ್ದಾರೆ. ಜೇನ್ ಐರಳ ವಾಕ್ಯವನ್ನು ಯಾರಾದರೂ ಕನ್ನಡಿಸುವುದಾದರೆ ಅಲ್ಲಿ ‘ಸಾಕ್ಷಾತ್’ ಎಂಬುದನ್ನಿಡಲಿ ಎಂದು ನನ್ನ ಸಲಹೆ. ಕುರುಡನ ಮನೆಯ ಕಥೆಯಲ್ಲಿ, ಕಣ್ಣನ್ನೇ ಒಡಲಲ್ಲಿಟ್ಟುಕೊಂಡ ಆ ಪದ ಮೂಲದ ಇಂಗ್ಲಿಷಿಗೂ ಒಂದು ಕೈ ಮೇಲಾದೀತು.

ಇಷ್ಟು ಪರವಾಗಿ ಹೇಳಿದ ಮೇಲೆ, ಪತ್ರಿಕೆಗಳ ‘ಅಕ್ಷರಶಃ’ವನ್ನು ಕುರಿತು ನನ್ನ ತಕರಾರನ್ನೂ ಹೇಳಬೇಕು. ಸಂಚಾರ ಅಕ್ಷರಶಃ ಸ್ತಬ್ಧ, ಸಭೆ ಅಕ್ಷರಶಃ ರಣರಂಗ, ಮಾರುಕಟ್ಟೆ ಅಕ್ಷರಶಃ ಖಾಲಿ. ಇಲ್ಲಿ ಎಬ್ಬಿಸಲು ಯಾವ ಚಿತ್ರವೂ ಮಲಗಿಲ್ಲ. ಇದ್ದ ಚಿತ್ರಕ್ಕೂ ಎಚ್ಚರವಾಗುವುದಿಲ್ಲ. ಸ್ಕ್ವಿಯರ್ಸನ ಔತಣಕ್ಕೂ ಇದಕ್ಕೂ ಇರುವ ಅಂತರ ಅದೇ. ಬೆಂಗಳೂರಿನ ಎಳೆಯರು ಈಗ ಕನ್ನಡದ ನಡುವೆಯೇ ‘ಲಿಟರಲಿ’ ಎನ್ನುತ್ತಾರೆ. ‘ಸಿನಿಮಾ ನೋಡಿ ಲಿಟರಲಿ ಅತ್ತುಬಿಟ್ಟೆ’ ಎಂದಾಗ ಆ ಹುಡುಗಿಯ ಕಣ್ಣಲ್ಲಿ ನೀರು ಬಂದಿತೋ ಇಲ್ಲವೋ ಎಂದು ಕೇಳಿ ತಿಳಿದುಕೊಳ್ಳಬೇಕಾಗುತ್ತದೆ. ಸಿನಿಮಾದ ಮಟ್ಟಿಗೆ ನಷ್ಟವಿಲ್ಲ.

ನಷ್ಟವಾಗುವ ಜಾಗ ಬೇರೆ. ‘ಕಾಲ ಕೆಳಗಿನ ನೆಲ ಕುಸಿಯಿತು’ ಎನ್ನುವುದು ಕೆಟ್ಟ ಸುದ್ದಿ ಬಂದಾಗ ನಾವು ಹೇಳುವ ಮಾತು. ‘ಮನೆ ಮುಳುಗಿತು’ ಎಂದರೆ ಸಾಲದಲ್ಲೋ ದುಂದಿನಲ್ಲೋ ಸಂಸಾರ ಹಾಳಾಯಿತೆಂದು ಅರ್ಥ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದವು. ಜನ ನಿಂತಿದ್ದ ನೆಲ, ಕಾಫಿ ತೋಟ, ತೋಟದೊಳಗಿನ ಮನೆ ಎಲ್ಲ ಕೆಳಕ್ಕೆ ಹೋದವು. ಮರುವರ್ಷ ಅದೇ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ತುಂಬಿ ಬೆಳಗಾವಿ, ಬಾಗಲಕೋಟೆಯ ಕಡೆಯ ಊರುಗಳಲ್ಲಿ ಮನೆಗಳು ಮುಳುಗಿದವು. ಗಾದೆಯೂ ನುಡಿಗಟ್ಟೂ ಹೇಳುತ್ತಿದ್ದುದು ಕಣ್ಣೆದುರಿಗೆ ನಡೆಯಿತು. ಡ್ರೈಡನ್ನನ ಜಿಂಕೆಗೆ ಬೇಕಾಗಿದ್ದಂಥ ಪದ ಅಂದು ವರದಿಗಾರನಿಗೆ ಬೇಕಾಗಿತ್ತು: ಇದು ಮಾತಿಗೆ ಹೇಳಿದ್ದಲ್ಲ, ಆದದ್ದೇ ಹೀಗೆ ಎಂದು ತಡೆದು ನಿಲ್ಲಿಸುವ ಪದ. ಆದರೆ ಹಿಂದಿನ ವಾರವಷ್ಟೇ ಸಂಚಾರದ ದಟ್ಟಣೆಗೆ ಖರ್ಚಾದ ಆ ಪದವನ್ನು ಇಲ್ಲಿ ಇಟ್ಟರೆ, ಓದುವವನು ಅದನ್ನು ಸಂಚಾರದ ದಟ್ಟಣೆಯಷ್ಟೇ ಎಂದು ಓದುತ್ತಾನೆ. ಹಾಗಾದಾಗ ಬರೆಯುವವನಿಗೆ ಉಳಿಯುವುದು ನುಡಿಗಟ್ಟನ್ನೂ ಬಿಟ್ಟು, ಆ ಪದವನ್ನೂ ಬಿಟ್ಟು, ಮನೆ ಮೊದಲು ಎಲ್ಲಿತ್ತು, ಈಗ ಎಷ್ಟು ಅಡಿ ಕೆಳಗಿದೆ, ನೀರು ಗೋಡೆಯ ಯಾವ ಗೂಟದವರೆಗೆ ಬಂದಿತ್ತು ಎಂದು ಬರೆಯುವುದು.